ಸೋಮವಾರದ ಕೆಮ್ಮು

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದವರ ಹಾಗೆ ಬೀಗುವುದು ಬೇಡ. ನಮ್ಮೂರು ಹಲಗೇರಿ. ಅಪ್ಪ ಪ್ರಭುಲಿಂಗಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು. ಚೀಲದ ಬಾಯಿ ಬಿಚ್ಚಿದಾಗ ಮೇಲೆ ಕಾಣುವ ಕಾಯಿ ನೋಡಿ ದರ ಕಟ್ಟುವವನು ಹುಚ್ಚ, ಕೈಯನ್ನು ಮೊಣಕೈತನಕ ಒಳಗೆ ಹಾಕಿ ತಳದ ಕಾಯಿ ತೆಗೆದು ನೋಡಬೇಕು ಎಂದು ನನಗೆ ಏಳನೆಯ ವಯಸ್ಸಿಗೇ ಕಲಿಸಿದ್ದರು. ಕಣ್ಣು ಕಟ್ಟಿಕೊಂಡು ಬರೀ ವಾಸನೆಯ ಮೇಲೆ ಹೋದ ವರ್ಷದ ಕಾಯಿ ಯಾವುದು, ಈ ವರ್ಷದ್ದು ಯಾವುದು ಎಂದು ನಾನು ಹೇಳುತ್ತಿದ್ದೆ. "ಅಂಗಡಿ ಕೊಟ್ರೇಶಗ, ಮೂಗು ಸುರೇಖಾಗ" ಎಂದು ಅಪ್ಪ ಅಣ್ಣನನ್ನೂ ನನ್ನನ್ನೂ ತೋರಿಸಿ ಬಂದವರೆದುರು ನಗುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಅಪ್ಪ ಪಾಲು ಹಂಚುತ್ತಿದ್ದರೆಂದು ತಿಳಿದದ್ದು ಅವರು ತೀರಿಹೋದ ಮೇಲೆ.

ಹಲಗೇರಿಯ ನಮ್ಮ ಮನೆಗೆ ಬೀದಿ ಕಡೆ ಎರಡು ಬಾಗಿಲು. ಅಜ್ಜ ಮತ್ತು ಅಜ್ಜನ ತಮ್ಮ ಒಂದೇ ಮಾಳಿಗೆಯ ಕೆಳಗೆ ಎರಡು ಸಂಸಾರ ಮಾಡಲೆಂದು ಹಾಗೆ ಕಟ್ಟಿಸಿದ್ದು. ತಮ್ಮನಿಗೆ ಮಕ್ಕಳಾಗಲಿಲ್ಲ, ಮನೆ ಒಂದೇ ಆಯಿತು, ಬಾಗಿಲು ಮಾತ್ರ ಎರಡೇ ಉಳಿದವು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಬ್ಯಾಡಗಿಯಲ್ಲಿ ಭಾವನ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಹಗಲೆಲ್ಲ ಒಂದು ಮಂಡಿಯಲ್ಲಿ ಕಾಯಿ ಆರಿಸಿ ದರ್ಜೆ ಮಾಡುವ ಕೆಲಸ. ಸಂಜೆ ಬಂದರೆ ಬೀಗದ ಕೈ ನನ್ನ ಹತ್ತಿರ ಇರುವುದಿಲ್ಲ. ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ದೇವಸ್ಥಾನದಿಂದ ಬರುವತನಕ ಕಟ್ಟೆಯ ಮೇಲೆ ಕೂರಬೇಕು. ಆರು ವರ್ಷ ಹಾಗೆ ಕೂತೆ. ನನಗೆ ಬೇಕಾದದ್ದು ಹಲಗೇರಿಯ ಆ ಎರಡನೆಯ ಬಾಗಿಲು, ಅದರ ಬೀಗದ ಕೈ. ಬೇರೇನೂ ಅಲ್ಲ ಎಂದರೆ ಸುಳ್ಳಾದೀತು, ಆದರೆ ಮೊದಲು ಅದು.

ಇಲ್ಲಿ ಕಾಯದೆಯ ಮಾತು ಸ್ವಲ್ಪ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಮದುವೆ ೧೯೯೧ರಲ್ಲಿ ಆಯಿತು. ೧೯೯೪ರಲ್ಲಿ ನಮ್ಮ ರಾಜ್ಯದ ಕಾಯದೆ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. ಮೂರು ವರ್ಷ ತಡಮಾಡಿದ್ದರೆ ನಾನು ಮಗಳು, ಲಗೂ ಮಾಡಿಕೊಂಡದ್ದಕ್ಕೆ ಹೊರಗಿನವಳು. ಅವ್ವ ಸೋಮವ್ವ ಮೊದಲೇ ಹೋಗಿದ್ದಳು, ೧೯೯೮ರಲ್ಲಿ ಅಪ್ಪನೂ ಹೋದರು. ನಾನು ಪಾಲಿಗಾಗಿ ದಾವೆ ಹಾಕಿದೆ. ೨೦೦೩ರಲ್ಲಿ ರಾಣೆಬೆನ್ನೂರು ಕೋರ್ಟು ಹೇಳಿತು: ಅರ್ಧ ಆಸ್ತಿ ಕೊಟ್ರೇಶನದೇ, ಅಪ್ಪನ ಅರ್ಧದಲ್ಲಿ ಇಬ್ಬರಿಗೂ ಸರಿಪಾಲು. ಅಂದರೆ ನನಗೆ ಕಾಲು, ಅಣ್ಣನಿಗೆ ಮುಕ್ಕಾಲು. ಮನೆಯನ್ನು ಕಾಲು ಮಾಡಿ ಕೊಯ್ಯಲು ಬರುವುದಿಲ್ಲ. ಹಾಗಾಗಿ ಮನೆ ಇಡಿಯಾಗಿ ಕೊಟ್ರೇಶನಿಗೆ ಹೋಗುತ್ತದೆ, ನನಗೆ ಹಳ್ಳದ ಕಡೆಯ ಕಲ್ಲುನೆಲ ಬರುತ್ತದೆ. ಕಲ್ಲುನೆಲಕ್ಕೆ ಬಾಗಿಲು ಇರುವುದಿಲ್ಲ.

ಆದರೆ ೨೦೦೩ರದು ಮೊದಲ ಹಂತದ ತೀರ್ಪು. ಯಾರಿಗೆ ಎಷ್ಟು ಎಂದು ಹೇಳುವುದು ಅಷ್ಟೇ. ಕೋರ್ಟು ನೇಮಿಸಿದ ಕಮಿಷನರು ಬಂದು ಅಳೆದು, ಗಡಿ ಹಾಕಿ, ಕೈಗೆ ಕೊಡುವುದು ಎರಡನೆಯ ಹಂತ. ಅದು ಎಳೆದಾಡುತ್ತಿರುವಾಗಲೇ ೨೦೦೫ರಲ್ಲಿ ದಿಲ್ಲಿಯ ಹೊಸ ಕಾಯದೆ ಬಂತು. ಮದುವೆ ಯಾವಾಗ ಆಗಿರಲಿ, ಮಗಳು ಮಗನಷ್ಟೇ ಹಕ್ಕಿನವಳು. ಆದರೆ ೨೦೦೪ರ ಡಿಸೆಂಬರ್ ಇಪ್ಪತ್ತಕ್ಕಿಂತ ಮೊದಲು ಕೋರ್ಟಿನಿಂದ ಆಗಿಹೋದ ಪಾಲನ್ನು ಮುಟ್ಟುವ ಹಾಗಿಲ್ಲ. ಹಾಗಾದರೆ ನಮ್ಮ ಪಾಲು ೨೦೦೩ರಲ್ಲೇ ಆಗಿಹೋಯಿತೋ, ಅಳೆದು ಕೊಡುವತನಕ ಆಗಿಲ್ಲವೋ? ಕಾಯದೆ ಅದನ್ನು ಬಿಡಿಸಿ ಹೇಳಿರಲಿಲ್ಲ. ನನಗೂ ಅರ್ಧ, ಅಂದರೆ ಮನೆಯ ಒಂದು ಬಾಗಿಲೂ, ಕೊಡಿ ಎಂದು ಹೊಸ ಕಾಯದೆ ಹಿಡಿದು ಅದೇ ಕೋರ್ಟಿಗೆ ಅರ್ಜಿ ಹಾಕಿದೆ.

ನನ್ನ ವಕೀಲರು ಪದ್ಮಜಾ, ರಾಣೆಬೆನ್ನೂರಿನವರು, ಮಾತು ಕಮ್ಮಿ. ಅವರೇ ಒಮ್ಮೆ ಹೇಳಿದರು: "ಕಾಯ್ದೆ ದಿಲ್ಲಿಯೊಳಗ ಅರ್ಧಾ ಬರೀತಾರ್ರಿ ಸುರೇಖಾ. ಉಳಿದದ್ದನ್ನ ಇಂಥಾ ಸಣ್ಣ ಕೋರ್ಟಿನ್ಯಾಗ ಯಾರರೆ ಕುಂತು ಬರೀಬೇಕಾಗ್ತದ."

"ಬರಿಯೂ ಕೈ ಸ್ವಚ್ಛ ಇದ್ದರ ಆತು" ಎಂದೆ. ಅವರು ಚಷ್ಮಾದ ಮೇಲಿಂದ ನನ್ನನ್ನು ನೋಡಿದರು.

ನಮ್ಮ ಸಾಹೇಬರು, ಅಂದರೆ ಆ ಸಿವಿಲ್ ನ್ಯಾಯಾಧೀಶರು, ದಕ್ಷಿಣದ ಕಡೆಯವರು. ಬಂದು ಒಂದು ವರ್ಷವಾಗಿತ್ತು. ಯಾರ ಮದುವೆ ಊಟಕ್ಕೂ ಹೋಗುವುದಿಲ್ಲ, ಯಾರ ಕಡೆಯಿಂದಲೂ ಒಂದು ಹಾರ ಹಾಕಿಸಿಕೊಳ್ಳುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅದೇ ನನಗೆ ಸರಿ ಕಾಣಲಿಲ್ಲ. ಮೇಲಿನ ಕಾಯಿ ಅಷ್ಟು ಚಂದ ಇದ್ದರೆ ತಳದಲ್ಲಿ ಏನೋ ಇರಬೇಕು.

೨೦೦೬ರ ನವೆಂಬರಿನಲ್ಲಿ ವಾದ ಮುಗಿಯಿತು. "ಆದೇಶಕ್ಕೆ" ಎಂದು ತಾರೀಖು ಕೊಟ್ಟರು. ಆ ದಿನ ಹೋದರೆ ಆದೇಶ ಇಲ್ಲ, ಇನ್ನೊಂದು ತಾರೀಖು. ಡಿಸೆಂಬರಿನಲ್ಲಿ ಮತ್ತೊಂದು. ಜನವರಿಯಲ್ಲಿ ಮತ್ತೊಂದು. ನಾನು ದಲಾಲಿಯ ಮಗಳು. ಮಾಲು ನೋಡಿಯಾದ ಮೇಲೂ ದರ ಹೇಳದೆ ಕೂತವನು ಏನು ಕಾಯುತ್ತಿರುತ್ತಾನೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಬ್ಬ ಹೆಚ್ಚು ಹೇಳಲಿ ಎಂದು ಕಾಯುತ್ತಿರುತ್ತಾನೆ.

ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ನನ್ನ ಜೊತೆ ಕೂರುತ್ತಿದ್ದವಳು ಐರಣಿಯ ಗುಡ್ಡವ್ವ. ಹೊಳೆದಂಡೆಯ ಹೊಲಕ್ಕಾಗಿ ತಮ್ಮನ ಮೇಲೆ ಅವಳದೂ ಇದೇ ತಕರಾರು, ಅವಳದೂ ಹಳೆಯ ಮದುವೆ, ಹಳೆಯ ತೀರ್ಪು, ಎರಡನೆಯ ಹಂತ. ಅವಳ ಪ್ರಕರಣ ನನ್ನದರ ಹಿಂದೆ ಇತ್ತು, ನನ್ನ ಆದೇಶ ಬಂದರೆ ಅವಳದೂ ಹಾಗೇ ಬರುತ್ತದೆ ಎಂದು ಅವಳ ವಕೀಲ ಹೇಳಿದ್ದನಂತೆ. ಅವಳು ಗಂಟಿನಿಂದ ರೊಟ್ಟಿ ತೆಗೆದು ಅರ್ಧ ನನಗೆ ಕೊಡುತ್ತಿದ್ದಳು. ನಾನು ಅವಳಿಗೆ ಬುದ್ಧಿ ಹೇಳುತ್ತಿದ್ದೆ. ವಕೀಲನ ಮಾತು ನಂಬಬೇಡ, ಗುಮಾಸ್ತನ ಮಾತು ನಂಬಬೇಡ, ಸಹಿ ಹಾಕುವ ಮೊದಲು ಓದಿಸಿಕೋ. ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು.

ಫೆಬ್ರುವರಿಯ ಒಂದು ಸೋಮವಾರ ಮತ್ತೆ ತಾರೀಖು. ಸಾಹೇಬರು ಪೀಠಕ್ಕೆ ಬಂದು ಕೂತರು, ಮೊದಲ ಫೈಲು ತೆಗೆದರು, ಕೆಮ್ಮಿದರು.

ಕೆಮ್ಮಿನಲ್ಲಿ ಎಷ್ಟು ಬಗೆ ಎಂದು ಬೇರೆ ಊರಿನವರಿಗೆ ಗೊತ್ತಿಲ್ಲ. ನೆಗಡಿಯ ಕೆಮ್ಮು ಎದೆಯಿಂದ ಬರುತ್ತದೆ. ಮೆಣಸಿನಕಾಯಿ ಘಾಟಿನ ಕೆಮ್ಮು ಗಂಟಲ ತುದಿಯಲ್ಲಿ ಹುಟ್ಟಿ ಅಲ್ಲೇ ಕೆರೆಯುತ್ತದೆ, ಸಣ್ಣಗೆ, ಒಣಗಿ, ಬಿಡದೆ, ಕಣ್ಣಂಚು ಕೆಂಪಾಗಿ. ಬ್ಯಾಡಗಿಯ ಅಂಗಡಿಯಲ್ಲಿ ಬೆಳೆದ ನಮಗೆ ಅದು ಬರುವುದಿಲ್ಲ. ಹೊರಗಿನವರು ಹಂಗಾಮಿನಲ್ಲಿ ಒಂದು ತಾಸು ಮಂಡಿಯ ಸುತ್ತ ಓಡಾಡಿದರೆ ಎರಡು ದಿನ ಬಿಡುವುದಿಲ್ಲ. ಸೋಮವಾರದ ಪೇಟೆಗೆ ಭಾನುವಾರ ಮಧ್ಯಾಹ್ನದಿಂದಲೇ ಚೀಲ ಇಳಿಯುತ್ತವೆ, ಗಾಳಿಯೆಲ್ಲ ಕೆಂಪು. ನಾನು ಕೂತಲ್ಲೇ ಲೆಕ್ಕ ಹಾಕಿದೆ. ಸಾಹೇಬರು ನಿನ್ನೆ ಬ್ಯಾಡಗಿಯಲ್ಲಿದ್ದರು. ನನ್ನ ಅಣ್ಣನ ಅಂಗಡಿ ಇರುವ ಬ್ಯಾಡಗಿಯಲ್ಲಿ.

ಕೊಟ್ರೇಶ ಆಚೆ ಸಾಲಿನಲ್ಲಿ ಕೂತಿದ್ದ. ಹೊಸ ಬಿಳಿ ಅಂಗಿ, ತೊಡೆಯ ಮೇಲೆ ಕೈ. ಮುಖದಲ್ಲಿ ಒಂದು ಸಮಾಧಾನ. ನನಗೆ ಮೈ ಉರಿದುಹೋಯಿತು.

ಆದೇಶ ಅಂದೂ ಬರಲಿಲ್ಲ. "ಮುಂದಿನ ವಾರ ಖಂಡಿತ" ಎಂದರು ಸಾಹೇಬರು, ಕರವಸ್ತ್ರ ಬಾಯಿಗೆ ಹಿಡಿದು. ಹೊರಗೆ ಬಂದು ಕೋರ್ಟಿನ ಜವಾನ ಇಸಾಕಸಾಬನನ್ನು ಹಿಡಿದೆ. ಪಡಸಾಲೆಯಲ್ಲಿ ನಿಂತು ಮೂರು ಸಲ ಹೆಸರು ಕೂಗುವವನು ಅವನೇ.

"ಏನ್ರಿ ಇಸಾಕಸಾಬ, ಸಾಹೇಬರಿಗೆ ಆರಾಮ ಇಲ್ಲೇನು?"

"ಘಾಟು ಹತ್ತೈತ್ರಿ ಅವರಿಗೆ. ನಿನ್ನೆ ಬ್ಯಾಡಗಿಗೆ ಹೋಗಿದ್ರು."

"ಬ್ಯಾಡಗ್ಯಾಗ ಎಲ್ಲೆ?"

"ಮಂಡಿ ಹಿಂದಿನ ಓಣ್ಯಾಗ ಬಿಟ್ಟು ಬಂದೆ. ಸಂಜೀಕ ಬ್ಯಾಗ್ ತುಂಬಿಸಿಕೊಂಡು ಬಂದ್ರು." ಅಷ್ಟು ಹೇಳಿದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ನನಗ ಯಾಕ ಕೇಳ್ತೀರಿ? ಸಾಹೇಬರ ಸುದ್ದಿ ನಾ ಮಾತಾಡಬಾರದ್ರಿ."

ಮಂಡಿ ಹಿಂದಿನ ಓಣಿಯಲ್ಲಿ ಕೊಟ್ರೇಶನ ಗೋದಾಮಿದೆ. ತುಂಬಿದ ಬ್ಯಾಗು. ನನಗೆ ಇನ್ನೇನು ಬೇಕಿತ್ತು?

ಗುಡ್ಡವ್ವನಿಗೆ ಹೇಳಿದೆ. "ಈ ಕೋರ್ಟಿನ್ಯಾಗ ನಮಗ ನ್ಯಾಯ ಸಿಗೂದಿಲ್ಲ. ನಾ ಹಾವೇರಿಗೆ ಹೋಗಿ ದೊಡ್ಡ ಸಾಹೇಬರಿಗೆ ಅರ್ಜಿ ಕೊಡತೇನಿ, ಪ್ರಕರಣ ಬ್ಯಾರೆ ಕೋರ್ಟಿಗೆ ಹಾಕ್ರಿ ಅಂತ. ನೀನೂ ಕೊಡು."

ಅವಳು ರೊಟ್ಟಿ ಅಗಿಯುತ್ತಲೇ ಹೇಳಿದಳು. "ಕೆಮ್ಮು ಬಂದ್ರ ಕೆಮ್ಮತಾರ್ರಿ. ಅವರೂ ಮನಶ್ಯಾರಲ್ಲೇನು? ನಾ ಇಲ್ಲೇ ಇರತೇನಿ."

ಇದನ್ನು ಕೇಳಿ ಪದ್ಮಜಾ ಅವರ ಮುಖ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದೆ. "ಹುಚ್ಚಿ ಇದ್ದೀರೇನು? ಆ ಮನಷ್ಯಾ ಮೂರು ತಿಂಗಳಿಂದ ಓದ್ಲಿಕತ್ತಾರ. ಬ್ಯಾರೆಯವರಾಗಿದ್ರ ಹತ್ತು ನಿಮಿಷದಾಗ ನಿಮ್ಮ ಅರ್ಜಿ ವಜಾ ಮಾಡಿ ಊಟಕ್ಕ ಹೋಗಿರತಿದ್ರು. ತಡ ಆಗೂದಽ ನಮಗ ಛಲೋ ಲಕ್ಷಣ. ಇನ್ನೊಂದು ವಾರ ತಡೀರಿ."

"ಅವರು ಕೊಟ್ರೇಶನ ಓಣಿಗೆ ಹೋಗಿದ್ದು ಖರೇ ಅದನೋ ಇಲ್ಲೋ?"

"ಓಣ್ಯಾಗ ನಿಮ್ಮ ಅಣ್ಣನ ಗೋದಾಮೊಂದಽ ಅದ ಏನು?"

ಆ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಪದ್ಮಜಾ ಅವರೂ ಆ ಕಡೆ ಸೇರಿದ್ದಾರೆಯೇ ಎಂಬ ಯೋಚನೆ ಬಂತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ. ಅವರು ಅರ್ಜಿಗೆ ಸಹಿ ಹಾಕುವುದಿಲ್ಲ ಎಂದರು. ನಾನೇ ಬರೆದು, ಮರುದಿನ ಬೆಳಿಗ್ಗೆ ಹಾವೇರಿಯ ಬಸ್ಸು ಹತ್ತಿದೆ. ಎದುರುಪಕ್ಷದವರ ಜೊತೆ ಸಾಹೇಬರ ಒಡನಾಟವಿದೆ, ಇಂಥ ಭಾನುವಾರ ಇಂಥ ಓಣಿಯಲ್ಲಿದ್ದರು ಎಂದು ಕಾಗದದ ಎರಡೂ ಕಡೆ ತುಂಬಿಸಿದ್ದೆ. ಅರ್ಜಿ ಕೊಟ್ಟು ಹೊರಗೆ ಬಂದಾಗ ಏನೋ ಗೆದ್ದಂತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಎರಡು ಮಿರ್ಚಿಭಜಿ ತಿಂದು ಚಹಾ ಕುಡಿದೆ.

ಜಿಲ್ಲಾ ಕೋರ್ಟು ನಮ್ಮ ಸಾಹೇಬರ ಅಭಿಪ್ರಾಯ ಕೇಳಿತು. ಅವರು ಬರೆದು ಕಳಿಸಿದ್ದು ಎರಡೇ ಸಾಲು: ಆರೋಪ ಸತ್ಯವಲ್ಲ. ಆದರೆ ಕಕ್ಷಿದಾರರಿಗೆ ನನ್ನ ಮೇಲೆ ವಿಶ್ವಾಸವಿಲ್ಲದ ಕಾರಣ ಪ್ರಕರಣ ವರ್ಗಾಯಿಸಲು ನನ್ನ ತಕರಾರಿಲ್ಲ.

ತಪ್ಪು ಮಾಡದವನು ಇಷ್ಟು ಬೇಗ ಬಿಟ್ಟುಕೊಡುತ್ತಾನೆಯೇ? ಸಿಕ್ಕಿಬಿದ್ದ ಎಂದು ಭಾವನ ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಪ್ರಕರಣ ಹಾವೇರಿಯ ಇನ್ನೊಂದು ಕೋರ್ಟಿಗೆ ಹೋಯಿತು. ಅಲ್ಲಿಯ ನ್ಯಾಯಾಧೀಶರು ಕೆಮ್ಮಲಿಲ್ಲ, ಸೀನಲಿಲ್ಲ, ಬ್ಯಾಡಗಿಗೆ ಹೋದದ್ದೂ ಕೇಳಲಿಲ್ಲ. ಎರಡೂ ಕಡೆಯವರ ಮಾತು ಒಂದೇ ದಿನ ಕೇಳಿದರು. ಹೇಳಿದ ತಾರೀಖಿಗೆ ಸರಿಯಾಗಿ ಒಂದೂವರೆ ಪುಟದ ಆದೇಶ ಕೊಟ್ಟರು. ೨೦೦೩ರಲ್ಲೇ ಕೋರ್ಟಿನ ತೀರ್ಪು ಆಗಿದೆ, ಹೊಸ ಕಾಯದೆ ಅನ್ವಯಿಸದು, ಪಾಲು ಕಾಲೇ. ಅವರ ಮೇಲೆ ಅನುಮಾನ ಪಡಲು ನನಗೆ ಎಷ್ಟು ಹುಡುಕಿದರೂ ಒಂದು ಎಳೆ ಸಿಗಲಿಲ್ಲ. ಸ್ವಚ್ಛ ಕೈಯಿಂದಲೇ ನಾನು ಸೋತಿದ್ದೆ.

ಪದ್ಮಜಾ ಬೈಯಲಿಲ್ಲ. ಮೇಲ್ಮನವಿ ಹಾಕೋಣ, ವರ್ಷಗಟ್ಟಲೆ ಹಿಡಿಯುತ್ತದೆ ಎಂದಷ್ಟೇ ಹೇಳಿದರು. ಮೇಲಿನ ಕೋರ್ಟಿನಿಂದ ತಡೆ ತರುವಷ್ಟರಲ್ಲಿ ಕಮಿಷನರು ಹಲಗೇರಿಗೆ ಹೋಗಿ ಟೇಪು ಹಿಡಿದಾಗಿತ್ತು. ಮನೆ ಕೊಟ್ರೇಶನ ಹೆಸರಿಗೆ ಬಂತು. ಎರಡು ಬಾಗಿಲಿನ ಮನೆಗೆ ಗಾಳಿ ಜಾಸ್ತಿ ಎಂದು ಅವನು ಎರಡನೆಯದಕ್ಕೆ ಇಟ್ಟಿಗೆ ಕಟ್ಟಿಸಿದ.

ಆ ವರ್ಷದ ಕೊನೆಗೆ ಗುಡ್ಡವ್ವ ನನ್ನನ್ನು ಹುಡುಕಿಕೊಂಡು ಬ್ಯಾಡಗಿಗೆ ಬಂದಳು. ನಾನು ಕಟ್ಟೆಯ ಮೇಲೆ ಕೂತಿದ್ದೆ, ನೆಗೆಣ್ಣಿ ಇನ್ನೂ ಬಂದಿರಲಿಲ್ಲ. ಅವಳ ಕೈಯಲ್ಲಿ ಮೊಹರು ಹೊಡೆದ ಕಾಗದದ ಕಟ್ಟು.

"ಇದನ್ನ ಓದಿ ಹೇಳ್ರಿ ಅಕ್ಕಾರ. ಹೊಲ ಅರ್ಧಾ ನಂದು ಅಂತ ವಕೀಲ ಹೇಳತಾನ. ಯಾರನ್ನೂ ನಂಬಬ್ಯಾಡ, ಓದಿಸಿಕೋ ಅಂತ ನೀವಽ ಹೇಳಿದ್ರಲ್ಲ."

ಹದಿನೇಳು ಪುಟ. ನಾನು ಮೊದಲು ಕೊನೆಯ ಪುಟ ನೋಡಿದೆ. ವಕೀಲ ಹೇಳಿದ್ದು ಖರೇ. ಆಮೇಲೆ ಮೊದಲಿನಿಂದ ಓದತೊಡಗಿದೆ. ಪಾಲು ಎಷ್ಟೆಂದು ಹೇಳುವುದು ಬೇರೆ, ಪಾಲು ಮಾಡಿ ಕೊಡುವುದು ಬೇರೆ ಎಂದು ಸಾಹೇಬರು ಬರೆದಿದ್ದರು. ನೆಲ ಅಳೆದು ಕೈಗೆ ಕೊಡುವತನಕ ಪಾಲು ಮುಗಿದಿಲ್ಲ, ಮುಗಿಯದ ದಾವೆಯ ನಡುವೆ ಕಾಯದೆ ಬದಲಾದರೆ ಹೆಣ್ಣುಮಗಳಿಗೆ ಆ ಲಾಭ ಸಿಗಲೇಬೇಕು, ಬೇರೆ ರಾಜ್ಯದ ಇಂಥದೇ ಕಾಯದೆಯ ಬಗ್ಗೆ ದೊಡ್ಡ ಕೋರ್ಟು ಹದಿನೈದು ವರ್ಷದ ಹಿಂದೆ ಹೀಗೆಯೇ ಹೇಳಿದೆ. ಒಂಬತ್ತನೆಯ ಪುಟದಲ್ಲಿ ನನ್ನ ಕಣ್ಣು ನಿಂತಿತು.

"ಈ ಪ್ರಶ್ನೆಯು ಈ ನ್ಯಾಯಾಲಯದ ಮುಂದೆ ಮೊದಲು ಬೇರೊಂದು ದಾವೆಯಲ್ಲಿ ಉದ್ಭವಿಸಿತ್ತು. ಅದರ ವಾದವನ್ನು ಪೂರ್ಣವಾಗಿ ಆಲಿಸಿ, ಆದೇಶವನ್ನೂ ಸಿದ್ಧಪಡಿಸಲಾಗಿತ್ತು. ಆ ದಾವೆಯು ವರ್ಗವಾದ ಕಾರಣ ಆದೇಶ ನೀಡುವ ಸಂದರ್ಭ ಒದಗಲಿಲ್ಲ. ಅಲ್ಲಿ ನಡೆಸಿದ ಅಧ್ಯಯನವನ್ನು ಇಲ್ಲಿ ಬಳಸಿಕೊಳ್ಳಲಾಗಿದೆ."

"ಏನ್ ಬರದಾರ್ರಿ?" ಗುಡ್ಡವ್ವ ಕೇಳಿದಳು.

"ಹೊಲ ಅರ್ಧಾ ನಿಂದಽ ಅಂತ ಬರದಾರ."

"ಮತ್ತ್ಯಾಕ ಅಳಾಕತ್ತೀರಿ?"

ಘಾಟು ಎಂದೆ. ಅವಳು ನಂಬಿದಳು. ಅವಳು ಯಾವಾಗಲೂ ಅಷ್ಟೇ, ಹೇಳಿದ್ದನ್ನು ನಂಬುವವಳು.

ಅವಳನ್ನು ಬಸ್ಸಿಗೆ ಹತ್ತಿಸಿ, ಮಂಡಿ ಹಿಂದಿನ ಓಣಿಗೆ ಹೋದೆ. ಕೊಟ್ರೇಶನ ಗೋದಾಮಿನ ಎದುರು ನಿಂತು ಓಣಿಯನ್ನು ಮೊದಲ ಸಲ ನೋಡುವವಳಂತೆ ನೋಡಿದೆ. ಗೋದಾಮಿನಾಚೆ ಮೂರನೆಯ ಮನೆ ಚನ್ನಬಸಪ್ಪ ವಕೀಲರದು. ವಕೀಲಿ ಬಿಟ್ಟು ಹನ್ನೆರಡು ವರ್ಷವಾಯಿತು, ಎಂಬತ್ತರ ಮುದುಕರು, ಮನೆತುಂಬ ಕಾಯದೆಯ ಪುಸ್ತಕ. ಚಿಕ್ಕವಳಿದ್ದಾಗಿನಿಂದ ಆ ಮನೆಯ ಮುಂದೆ ಹಾದುಹೋಗಿದ್ದೇನೆ. ಆ ಸೋಮವಾರ ಒಮ್ಮೆಯೂ ನೆನಪಾಗಲಿಲ್ಲ. ಒಳಗೆ ಹೋಗಿ ಕೇಳಿದೆ.

"ರಾಣೆಬೆನ್ನೂರಿನ ಸಾಹೇಬರು ನಿಮ್ಮ ಮನಿಗೆ ಬಂದಿದ್ರೇನ್ರಿ ಅಜ್ಜಾರ, ಫೆಬ್ರುವರ್‍ಯಾಗ?"

"ಬಂದಿದ್ರವಾ. ಅವರ ಕೋರ್ಟಿನ ಹಳೇ ಪುಸ್ತಕಕ್ಕ ಗೆದ್ದಲು ಹತ್ತ್ಯಾವಂತ. ಯಾವ ಪ್ರಕರಣಕ್ಕ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಧ್ಯಾಹ್ನದಿಂದ ಸಂಜೀತನಕ ಆ ಹಿಂದಿನ ಕೋಣ್ಯಾಗ ಕೆಮ್ಮಕೋತ ಕುಂತು ಓದಿದ್ರು. ಚಹಾನೂ ಒಲ್ಲೆ ಅಂದ್ರು. ನಾಕು ಪುಸ್ತಕ ಬ್ಯಾಗಿನ್ಯಾಗ ಒಯ್ದು, ಹದಿನೈದು ದಿನಕ್ಕ ಇಸಾಕಸಾಬನ ಕಡೆ ತಿರುಗಿ ಕಳಿಸಿದ್ರು." ಮುದುಕರು ಅಂದರು, "ಛಲೋ ಮನಷ್ಯಾ. ಯಾರೋ ಸುಳ್ಳ ಅರ್ಜಿ ಹಾಕಿದ್ರಂತ, ಪಾಪ. ಈಗ ಎಲ್ಲೋ ದೂರ ಹಾಕ್ಯಾರ ಅವರನ್ನ."

ಯಾರು ಹಾಕಿದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಹೇಳಬೇಕಿತ್ತು.

ಎರಡು ದಿನ ಕೂತು ಸಾಹೇಬರಿಗೆ ಒಂದು ಪತ್ರ ಬರೆದೆ. ನನ್ನ ಜೀವನದಲ್ಲಿ ನಾನು ಯಾರ ಕ್ಷಮೆಯನ್ನೂ ಕೇಳಿದವಳಲ್ಲ, ಆದ್ದರಿಂದ ಬರೆಯಲು ಬಹಳ ಹೊತ್ತು ಹಿಡಿಯಿತು. ಅಪ್ಪ ಕಲಿಸಿದ್ದನ್ನೂ ಬರೆದೆ. ಚೀಲದ ತಳಕ್ಕೆ ಕೈ ಹಾಕದೆ ಮೇಲಿನ ವಾಸನೆಗೇ ದರ ಕಟ್ಟಿದೆ, ತಪ್ಪು ನನ್ನದು. ಆದೇಶ ಬದಲಾಗಲಿ ಎಂದು ಬರೆಯುತ್ತಿಲ್ಲ, ನೀವು ಓದಿದ್ದು ನನಗೆ ಗೊತ್ತಾಗಿದೆ ಎಂದು ತಿಳಿಸಲು ಬರೆಯುತ್ತಿದ್ದೇನೆ. ಕೊನೆಗೆ ಹೆಸರು, ದಾವೆಯ ನಂಬರು ಹಾಕಿದೆ. ಲಕೋಟೆಯ ಹಿಂದೆಯೂ ಅದನ್ನೇ ಬರೆದೆ, ಯಾರೆಂದು ಅವರಿಗೆ ನೆನಪಾಗಲಿ ಎಂದು. ಇಸಾಕಸಾಬನನ್ನು ಕಾಡಿ ಬೇಡಿ ಹೊಸ ವಿಳಾಸ ತೆಗೆದುಕೊಂಡೆ.

"ಅವರು ತಗೊಳ್ಳೂದಿಲ್ಲ್ರಿ" ಎಂದ ಅವನು, ವಿಳಾಸ ಬರೆದುಕೊಡುತ್ತಲೇ. ಬೇಕೆಂದೇ ಹಾಗೆ ಹೇಳುತ್ತಿದ್ದಾನೆ ಎಂದುಕೊಂಡೆ.

ಹದಿನಾರು ದಿನಕ್ಕೆ ಪತ್ರ ತಿರುಗಿ ಬಂತು. ಅದೇ ಲಕೋಟೆ. ಮೇಲೆ ನೀಲಿ ಶಾಯಿಯಲ್ಲಿ, ಗುಡ್ಡವ್ವನ ಆದೇಶದ ಕೆಳಗೆ ನೋಡಿದ್ದ ಅದೇ ಓರೆ ಅಕ್ಷರ: "ಮೇಲ್ಮನವಿ ಬಾಕಿ ಇರುವ ಕಕ್ಷಿದಾರರಿಂದ ಪತ್ರ ಸ್ವೀಕರಿಸುವುದಿಲ್ಲ. ತೆರೆಯದೆ ಹಿಂದಿರುಗಿಸಿದೆ."

ಕಟ್ಟೆಯ ಮೇಲೆ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬಿಸಿಲಿಗೆ ಹಿಡಿದೆ. ಉಗುರಿನಿಂದ ಅಂಚು ಕೆರೆದು, ಒದ್ದೆಮಾಡಿ ಬಿಚ್ಚಿ ಮತ್ತೆ ಅಂಟಿಸಿದ್ದಾರೆಯೇ ಎಂದು ಪರೀಕ್ಷೆ ಮಾಡಿದೆ. ಮೂಗಿಗೆ ಹಿಡಿದೆ. ನಾನು ಹಚ್ಚಿದ ಅಂಟು ನಾನು ಹಚ್ಚಿದ ಹಾಗೆಯೇ ಇತ್ತು.